ಒಂದೇ ಪುಡಿ, ಎರಡು ಲ್ಯಾಬ್, ಎರಡು ಉತ್ತರ: ಯಾವುದನ್ನು ನಂಬೋದು?

ಬೇರುಪುಡಿ
ಎಲ್ಲರಿಗೂ ನಮಸ್ಕಾರ. ನಮ್ಮದು ಮೂಲಿಕೆ ಸಾರ ತರಿಸಿ ಕ್ಯಾಪ್ಸೂಲ್ ತುಂಬುವ ಸಣ್ಣ ಘಟಕ. ಈ ಸಲ ಬಂದ ಅಶ್ವಗಂಧದ ಸಾರದ ರಿಪೋರ್ಟಿನಲ್ಲಿ ವಿಥನೊಲೈಡ್ (ಅಶ್ವಗಂಧದ ಗುರುತಿನ ಪದಾರ್ಥ) 5% ಅಂತ ಇದೆ. ಅದೇ ಬ್ಯಾಚಿನ ಪುಡಿಯನ್ನು ಹೊರಗಿನ ಲ್ಯಾಬಿಗೆ ಕಳಿಸಿದೆ. ಅಲ್ಲಿಂದ 2.4% ಅಂತ ಬಂತು. ಅರ್ಧಕ್ಕಿಂತ ಕಡಿಮೆ! ಮಾರಿದವರು "ಲ್ಯಾಬಿನವರಿಗೆ ಮಾಡೋಕೆ ಬಂದಿಲ್ಲ" ಅಂತಾರೆ. ಲ್ಯಾಬಿನವರು "ನಮ್ಮ ಲೆಕ್ಕ ಸರಿ ಇದೆ" ಅಂತಾರೆ. ಲೇಬಲ್ ಮೇಲೆ ನಾನು ಯಾವುದನ್ನು ಬರೆಯಲಿ? ತಿಳಿದವರು ದಯವಿಟ್ಟು ಹೇಳಿ.

ಸಿ18
ಎರಡೂ ರಿಪೋರ್ಟಿನಲ್ಲಿ ಪರೀಕ್ಷೆ ಯಾವ ವಿಧಾನದಲ್ಲಿ ಮಾಡಿದ್ದು ಅಂತ ಬರೆದಿರುತ್ತಾರೆ. ಮೊದಲು ಅದನ್ನು ನೋಡಿ ಹೇಳಿ. ಅದು ಗೊತ್ತಾಗದೆ ಯಾರನ್ನೂ ತಪ್ಪು ಅನ್ನೋಕೆ ಆಗಲ್ಲ.

ಬೇರುಪುಡಿ
ನೋಡಿದೆ ಸರ್. ಮಾರಿದವರದ್ದರಲ್ಲಿ ಗ್ರಾವಿಮೆಟ್ರಿ ಅಂತಿದೆ. ಲ್ಯಾಬಿನದ್ದರಲ್ಲಿ ಎಚ್‌ಪಿಎಲ್‌ಸಿ.

ಸಿ18
ಹಾಗಾದರೆ ಇಬ್ಬರೂ ಸುಳ್ಳು ಹೇಳಿಲ್ಲದೆ ಇರಬಹುದು. ಇಬ್ಬರೂ ಅಳೆದಿರೋದೇ ಬೇರೆ ಬೇರೆ.

ಗ್ರಾವಿಮೆಟ್ರಿ ಅಂದರೆ ತೂಕದ ಲೆಕ್ಕ. ಸಾರವನ್ನು ಒಂದು ದ್ರಾವಕದಲ್ಲಿ ಕಲಸುತ್ತಾರೆ. ಕರಗಿದ್ದನ್ನು ಇನ್ನೊಂದು ದ್ರಾವಕಕ್ಕೆ ಇಳಿಸುತ್ತಾರೆ. ಕೊನೆಗೆ ದ್ರಾವಕ ಆರಿಸಿ, ಬಟ್ಟಲಲ್ಲಿ ಉಳಿದದ್ದನ್ನು ತೂಗುತ್ತಾರೆ. ಉಳಿದದ್ದೆಲ್ಲ ವಿಥನೊಲೈಡ್ ಅಂತ ಲೆಕ್ಕ. ಆದರೆ ಆ ದ್ರಾವಕಕ್ಕೆ ವಿಥನೊಲೈಡ್ ಮಾತ್ರ ಬರುತ್ತದೆ ಅಂತ ಏನೂ ಇಲ್ಲ. ಜಿಡ್ಡು, ಸ್ಟೆರಾಲ್, ಬಣ್ಣ, ರಾಳ ಎಲ್ಲ ಅದರ ಜೊತೆಗೇ ಬರುತ್ತವೆ. ತಕ್ಕಡಿಗೆ ಅವುಗಳ ನಡುವಿನ ವ್ಯತ್ಯಾಸ ಗೊತ್ತಾಗಲ್ಲ.

ಎಚ್‌ಪಿಎಲ್‌ಸಿಯಲ್ಲಿ ಮೊದಲು ಬೇರ್ಪಡಿಸಿ ಆಮೇಲೆ ಅಳೆಯುತ್ತಾರೆ. ದ್ರಾವಣ ಕಾಲಂ ಒಳಗೆ ಹೋಗುತ್ತದೆ. ಒಂದೊಂದು ಪದಾರ್ಥ ಒಂದೊಂದು ಹೊತ್ತಿಗೆ ಹೊರಗೆ ಬರುತ್ತದೆ. ಬಂದದ್ದನ್ನು ಡಿಟೆಕ್ಟರ್ ಪೀಕ್ ಆಗಿ ಬರೆಯುತ್ತದೆ. ಅದರ ಪಕ್ಕದಲ್ಲಿ ಶುದ್ಧ ಸ್ಟ್ಯಾಂಡರ್ಡ್ ಓಡಿಸಿ, ಅದೇ ಸಮಯಕ್ಕೆ ಬಂದ ಪೀಕನ್ನಷ್ಟೇ ಲೆಕ್ಕಕ್ಕೆ ತಗೋತೀವಿ. ಹಾಗಾಗಿ ಸಂಖ್ಯೆ ಕಡಿಮೆ ಬರೋದು ಸಹಜ. ಇದೇ ಸಾರವನ್ನು ತೂಕದ ಲೆಕ್ಕದಲ್ಲಿ 5%, ಎಚ್‌ಪಿಎಲ್‌ಸಿ ಲೆಕ್ಕದಲ್ಲಿ 2.5% ಅಂತ ಮಾರುವುದು ಈ ವ್ಯಾಪಾರದಲ್ಲಿ ಮಾಮೂಲು.

ಇನ್ನೊಂದು ಮಾತು. ಎಚ್‌ಪಿಎಲ್‌ಸಿ ಅಂದ ಮಾತ್ರಕ್ಕೆ ಅದೇ ಅಂತಿಮ ಅಂತ ಅಲ್ಲ. ವಿಥನೊಲೈಡ್ ಅನ್ನೋದು ಒಂದು ಪದಾರ್ಥ ಅಲ್ಲ, ಒಂದು ಗುಂಪು. ವಿಥಾಫೆರಿನ್ ಎ, ವಿಥನೊಲೈಡ್ ಎ, ವಿಥನೊಸೈಡ್ 4, ವಿಥನೋನ್, ಹೀಗೆ ಹಲವು. ಒಂದು ಲ್ಯಾಬ್ ಮೂರನ್ನು ಕೂಡಿಸಿರಬಹುದು, ಇನ್ನೊಂದು ಏಳನ್ನು. ಅದನ್ನೂ ಕೇಳಿ. ಲೇಬಲ್ ಮೇಲೆ ಎಚ್‌ಪಿಎಲ್‌ಸಿ ಸಂಖ್ಯೆಯನ್ನೇ ಹಾಕಿ, ವಿಧಾನದ ಹೆಸರನ್ನೂ ಹಾಕಿ. ಇದು ನನ್ನ ಸಲಹೆ.

ಹಸಿರೆಲೆ
ನಾನು ಬರೀ ಕೊಂಡು ತಿನ್ನುವವಳು, ಲ್ಯಾಬ್ ಗೊತ್ತಿಲ್ಲ. ತೂಕದ ಲೆಕ್ಕದಲ್ಲಿ ಇಷ್ಟು ಕಲಬೆರಕೆ ಸೇರುತ್ತದೆ ಅಂದರೆ ಆ ವಿಧಾನವನ್ನು ಯಾಕೆ ಇನ್ನೂ ಬಳಸ್ತಾರೆ?

ಸಿ18
ಖರ್ಚು ಕಡಿಮೆ, ಬೇಗ ಆಗುತ್ತದೆ, ಯಾರಿಗಾದರೂ ಕಲಿಸಬಹುದು. ಕಾರ್ಖಾನೆಯ ಒಳಗೆ, ತಮ್ಮದೇ ಬ್ಯಾಚುಗಳನ್ನು ಒಂದಕ್ಕೊಂದು ಹೋಲಿಸೋಕೆ ಅದು ಸಾಕು. ತೊಂದರೆ ಶುರುವಾಗೋದು ಆ ಸಂಖ್ಯೆ ಹೊರಗಿನವರಿಗೆ ಬೆಲೆ ಹೇಳುವ ಸಂಖ್ಯೆ ಆದಾಗ. ಯಾವ ಪರೀಕ್ಷೆ ಏನನ್ನು ನೋಡಲ್ಲ ಅಂತ ಕಲಬೆರಕೆ ಮಾಡುವವರಿಗೆ ಚೆನ್ನಾಗಿ ಗೊತ್ತಿರುತ್ತದೆ ಮೇಡಂ.

ಬಿಲ್ಬೆರಿ ಹಣ್ಣಿನ ಸಾರದ ಕಥೆ ಹೇಳ್ತೀನಿ. ಅದರಲ್ಲಿ ಕಡುಕೆಂಪು ಬಣ್ಣದ ಆಂಥೋಸಯನಿನ್‌ಗಳು ಇರುತ್ತವೆ. ಬಣ್ಣ ಎಷ್ಟು ಗಾಢ ಅಂತ ಯುವಿ ಮೆಷಿನ್‌ನಲ್ಲಿ ನೋಡಿ ಶೇಕಡಾ ಹೇಳುತ್ತಿದ್ದರು. 2006ರಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ, ಮಾರುಕಟ್ಟೆಯ ಒಂದು ಸಾರದಲ್ಲಿ ಅಮರಾಂತ್ ಅನ್ನೋ ಕೃತಕ ಕೆಂಪು ಬಣ್ಣ ಬೆರೆಸಿದ್ದು ಸಿಕ್ಕಿತು. ಬಣ್ಣ ಅಳೆಯುವ ಪರೀಕ್ಷೆಯಲ್ಲಿ ಅದು ಸರಾಗವಾಗಿ ಪಾಸಾಗುತ್ತಿತ್ತು. ಎಚ್‌ಪಿಎಲ್‌ಸಿಯಲ್ಲಿ ಹಾಕಿದಾಗ ಬಯಲಾಯಿತು. ನಿಜವಾದ ಬಿಲ್ಬೆರಿಯಲ್ಲಿ 15 ಆಂಥೋಸಯನಿನ್‌ಗಳು ತಮ್ಮದೇ ಅನುಪಾತದಲ್ಲಿ ಸಾಲಾಗಿ ಬರುತ್ತವೆ. ಆ ಸಾಲನ್ನು ಬಣ್ಣದ ಡಬ್ಬಿಯಿಂದ ತರೋಕೆ ಆಗಲ್ಲ.

ಗಿಂಕ್ಗೊ ಎಲೆಯ ಸಾರದಲ್ಲೂ ಇದೇ ಹಾಡು. ಅದಕ್ಕೆ 24% ಫ್ಲೇವನಾಲ್ ಗ್ಲೈಕೊಸೈಡ್, 6% ಟರ್ಪೀನ್ ಲ್ಯಾಕ್ಟೋನ್ ಅನ್ನೋ ಅಳತೆ ಲೋಕಪ್ರಸಿದ್ಧ. ಪರೀಕ್ಷೆಯಲ್ಲಿ ಸಾರವನ್ನು ಆಮ್ಲದಲ್ಲಿ ಕುದಿಸಿ, ಸಕ್ಕರೆ ಭಾಗ ಕಳಚಿ, ಉಳಿದ ಕ್ವೆರ್ಸೆಟಿನ್, ಕೆಂಫೆರಾಲ್, ಐಸೋರಾಮ್ನೆಟಿನ್ ಮೂರನ್ನು ಅಳೆಯುತ್ತಾರೆ. ಮೂರನ್ನೂ ಕೂಡಿಸಿ, ಸಕ್ಕರೆ ಭಾಗ ಸೇರಿಸಿಕೊಳ್ಳಲು ನಿಗದಿತ ಸಂಖ್ಯೆಯಿಂದ ಗುಣಿಸಿದರೆ 24 ಸಿಗಬೇಕು. ಅಗ್ಗದ ರುಟಿನ್ ಬೆರೆಸಿದರೆ ಅದೂ ಆಮ್ಲದಲ್ಲಿ ಒಡೆದು ಕ್ವೆರ್ಸೆಟಿನ್ ಆಗುತ್ತದೆ. ಒಟ್ಟು 24 ಬಂದೇ ಬರುತ್ತದೆ! ಆದರೆ ಕ್ವೆರ್ಸೆಟಿನ್ ಪೀಕ್ ಒಂದೇ ಎದ್ದು ನಿಂತು, ಕೆಂಫೆರಾಲ್ ಕುಗ್ಗಿ ಹೋಗಿರುತ್ತದೆ. ಒಟ್ಟು ಮೊತ್ತ ಮಾತ್ರ ನೋಡುವವರಿಗೆ ಇದು ಕಾಣಲ್ಲ. ಗ್ರಾಫ್ ನೋಡುವವರಿಗೆ ಕ್ಷಣದಲ್ಲಿ ಕಾಣುತ್ತದೆ.

ಅದಕ್ಕೇ ನಾನು ಯಾವಾಗಲೂ ಹೇಳೋದು: ರಿಪೋರ್ಟ್ ಜೊತೆ ಕ್ರೊಮ್ಯಾಟೊಗ್ರಾಂ, ಅಂದರೆ ಆ ಪೀಕ್‌ಗಳ ಗ್ರಾಫ್, ಕೇಳಿ. ಕೊಡಲ್ಲ ಅಂದರೆ ಬೇರೆಯವರ ಹತ್ತಿರ ಕೊಳ್ಳಿ.

ಎಂಎಸ್ಸಿ_ಎರಡನೇ_ವರ್ಷ
ಸರ್, ಡಿಎನ್‌ಎ ಪರೀಕ್ಷೆ ಮಾಡಿಬಿಟ್ಟರೆ ಈ ತಲೆನೋವೇ ಇರಲ್ಲ ಅಲ್ವಾ? ಗಿಡ ಯಾವುದು ಅಂತ ನೇರವಾಗಿ ಗೊತ್ತಾಗುತ್ತದೆ.

ಸಿ18
ಗಿಡದ ಎಲೆಯೋ ಬೇರೋ ಇಡಿಯಾಗಿ ಕೈಯಲ್ಲಿದ್ದರೆ ಡಿಎನ್‌ಎ ಬಹಳ ಒಳ್ಳೆಯದು. ಸಾರದಲ್ಲಿ ಕಷ್ಟ. ಬಿಸಿ ದ್ರಾವಕದಲ್ಲಿ ಕುದಿಸಿ, ಸೋಸಿ, ಒಣಗಿಸಿದ ಮೇಲೆ ಡಿಎನ್‌ಎ ಚೂರುಚೂರಾಗಿರುತ್ತದೆ, ಕೆಲವು ಸಲ ಉಳಿದೇ ಇರಲ್ಲ. ಬದಲಿಗೆ ತುಂಬಲು ಹಾಕಿದ ಅಕ್ಕಿಹಿಟ್ಟಿನ ಡಿಎನ್‌ಎ ಚೆನ್ನಾಗಿ ಸಿಗುತ್ತದೆ.

2015ರಲ್ಲಿ ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ನಾಲ್ಕು ದೊಡ್ಡ ಅಂಗಡಿ ಸರಣಿಗಳ ಮೂಲಿಕೆ ಉತ್ಪನ್ನಗಳನ್ನು ಡಿಎನ್‌ಎ ಬಾರ್‌ಕೋಡಿಂಗ್ ಮಾಡಿಸಿದರು. ಲೇಬಲ್ ಮೇಲಿದ್ದ ಗಿಡದ ಡಿಎನ್‌ಎ ಸಿಕ್ಕಿದ್ದು 21% ಪರೀಕ್ಷೆಗಳಲ್ಲಿ ಮಾತ್ರ. ದೊಡ್ಡ ಸುದ್ದಿ ಆಯಿತು. ಆದರೆ ಈ ಕ್ಷೇತ್ರದ ರಸಾಯನಶಾಸ್ತ್ರದವರು ಅನೇಕರು ಒಪ್ಪಲಿಲ್ಲ. ಸಾರಕ್ಕೆ ಈ ಪರೀಕ್ಷೆ ಹೊಂದಲ್ಲ, ಡಿಎನ್‌ಎ ಸಿಗದೆ ಇದ್ದರೆ ಗಿಡವೇ ಇಲ್ಲ ಅಂತ ಅರ್ಥ ಅಲ್ಲ ಅನ್ನೋದು ಅವರ ವಾದ. ನನಗೂ ಅದು ಸರಿ ಅನ್ನಿಸುತ್ತದೆ. ಉತ್ಪನ್ನಗಳು ಚೆನ್ನಾಗಿದ್ದವು ಅಂತಲೂ ಇದರಿಂದ ಸಾಬೀತಾಗಲ್ಲ. ಪ್ರಶ್ನೆ ಉತ್ತರವಾಗದೆ ಉಳಿಯಿತು ಅಷ್ಟೇ.

ಇನ್ನೊಂದು ಮಿತಿ ಇದೆ. ಬೇರು, ಎಲೆ ಎರಡರ ಡಿಎನ್‌ಎ ಒಂದೇ. ಬೇರುಪುಡಿ ಅವರ ಅಶ್ವಗಂಧಕ್ಕೆ ಯಾರಾದರೂ ಎಲೆ ಬೆರೆಸಿದ್ದರೆ ಡಿಎನ್‌ಎ ಅದನ್ನು ಹಿಡಿಯಲ್ಲ. ಎಲೆಯಲ್ಲಿ ವಿಥಾಫೆರಿನ್ ಎ ಬೇರಿಗಿಂತ ಬಹಳ ಜಾಸ್ತಿ. ಎಲೆ ಅಗ್ಗ ಬೇರೆ. ಬೇರಿನ ಸಾರ ಅಂತ ಮಾರಿದ್ದರಲ್ಲಿ ಆ ಪೀಕ್ ವಿಪರೀತ ಎತ್ತರ ಇದ್ದರೆ ಅನುಮಾನ ಪಡಲೇಬೇಕು. ಇದು ಹೇಳೋದು ಎಚ್‌ಪಿಎಲ್‌ಸಿ, ಇಲ್ಲವೇ ಎಚ್‌ಪಿಟಿಎಲ್‌ಸಿ.

ಸಿಲಿಕಾ ಪ್ಲೇಟ್
ಕೊನೆಗೂ ಎಚ್‌ಪಿಟಿಎಲ್‌ಸಿ ಹೆಸರು ಬಂತು. ನಾನು ದಿನವಿಡೀ ಮಾಡೋದು ಅದೇ. ದುಬಾರಿ ಮೆಷಿನ್‌ಗಳ ಮಧ್ಯೆ ಪ್ಲೇಟನ್ನು ಜನ ಮರೆಯುತ್ತಾರೆ ಅನ್ನೋದು ನನಗೆ ನಿಜವಾಗಿಯೂ ಬೇಜಾರಿನ ವಿಷಯ.

ಗಾಜಿನ ಹಾಳೆ, ಮೇಲೆ ತೆಳ್ಳಗೆ ಸಿಲಿಕಾ. ಕೆಳಗಿನ ಅಂಚಿನಲ್ಲಿ ಸ್ಯಾಂಪಲನ್ನು ಸಣ್ಣ ಗೆರೆಯಾಗಿ ಎಳೀತೀವಿ. ಪಕ್ಕದಲ್ಲೇ ಖಚಿತವಾಗಿ ಗೊತ್ತಿರುವ ಗಿಡದ ಸಾರ, ಅದರ ಪಕ್ಕ ಸ್ಟ್ಯಾಂಡರ್ಡ್. ದ್ರಾವಕ ಮೇಲೇರುತ್ತಾ ಹೋದಂತೆ ಪದಾರ್ಥಗಳು ಒಂದೊಂದು ಎತ್ತರದಲ್ಲಿ ನಿಲ್ಲುತ್ತವೆ. 254 ನ್ಯಾನೋಮೀಟರ್ ಬೆಳಕಲ್ಲಿ ಕಪ್ಪು ಪಟ್ಟಿಗಳು, 366ರಲ್ಲಿ ನೀಲಿ, ಕೆಂಪು, ಹಳದಿ ಹೊಳಪು. ಕೆಲವಕ್ಕೆ ಅನಿಸಾಲ್ಡಿಹೈಡ್ ಮತ್ತು ಗಂಧಕಾಮ್ಲದ ದ್ರಾವಣ ಹಾಕಿ ಸುಮಾರು 105 ಡಿಗ್ರಿಯಲ್ಲಿ ಬಿಸಿ ಮಾಡ್ತೀವಿ. ಏನೂ ಕಾಣದ ಜಾಗದಲ್ಲಿ ನೇರಳೆ, ಗುಲಾಬಿ, ಹಸಿರು ಪಟ್ಟಿಗಳು ನಿಧಾನಕ್ಕೆ ಮೂಡುತ್ತವೆ. ಪೂರ್ತಿ ಸಾರ ಒಂದೇ ನೋಟಕ್ಕೆ ಸಿಗುತ್ತದೆ. ಎಚ್‌ಪಿಎಲ್‌ಸಿಯಲ್ಲಿ ಡಿಟೆಕ್ಟರಿಗೆ ಕಾಣದ್ದು, ಕಾಲಂನಲ್ಲೇ ಸಿಕ್ಕಿಕೊಂಡದ್ದು ಗೊತ್ತಾಗದೇ ಹೋಗಬಹುದು. ಪ್ಲೇಟಿನಲ್ಲಿ ಮೇಲೇರದೆ ಕೂತದ್ದೂ ಕೆಳಗೆ ಕಾಣಿಸುತ್ತದೆ.

ಅರಿಶಿನದ ಸಾರ ತಗೊಳ್ಳಿ. ಅದರಲ್ಲಿ ಮೂರು ಹಳದಿ ಪಟ್ಟಿ ಬರಬೇಕು. ಮೇಲೆ ಕರ್ಕ್ಯುಮಿನ್, ಅದರ ಕೆಳಗೆ ಡಿಮೀಥಾಕ್ಸಿಕರ್ಕ್ಯುಮಿನ್, ಅದಕ್ಕೂ ಕೆಳಗೆ ಬಿಸ್‌ಡಿಮೀಥಾಕ್ಸಿಕರ್ಕ್ಯುಮಿನ್. ಮೇಲಿನ ಒಂದು ಮಾತ್ರ ಗಟ್ಟಿಯಾಗಿ ಹೊಳೆದು ಕೆಳಗಿನ ಎರಡು ಇಲ್ಲವೇ ಇಲ್ಲ ಅಂದರೆ, ಆ ಪುಡಿ ಗೆಡ್ಡೆಯಿಂದ ಬಂದದ್ದಲ್ಲ, ಕಾರ್ಖಾನೆಯಲ್ಲಿ ತಯಾರಿಸಿದ ಕರ್ಕ್ಯುಮಿನ್ ಅನ್ನೋ ಅನುಮಾನ ಬರುತ್ತದೆ. ಬಣ್ಣದ ಪರೀಕ್ಷೆಯಲ್ಲಿ ಅದು 95% ಅನ್ನೋ ಅಳತೆಯನ್ನೂ ದಾಟಿಬಿಡುತ್ತದೆ.

ಸಿ18
ಪ್ಲೇಟ್ ಬಗ್ಗೆ ಹೇಳಿದ್ದೆಲ್ಲ ಒಪ್ಪಿದೆ. ಒಂದು ಮಾತು ಸೇರಿಸ್ತೀನಿ. ನೈಸರ್ಗಿಕ ಸಾರಕ್ಕೆ ಸ್ವಲ್ಪ ಸ್ವಲ್ಪ ಕೃತಕ ಕರ್ಕ್ಯುಮಿನ್ ಬೆರೆಸಿದರೆ ಮೂರೂ ಪಟ್ಟಿ ಇರುತ್ತವೆ. ಆಗ ಕಾರ್ಬನ್-14 ಪರೀಕ್ಷೆ ನೆರವಿಗೆ ಬರುತ್ತದೆ. ಬದುಕಿದ್ದ ಗಿಡದಲ್ಲಿ ಗಾಳಿಯಿಂದ ಬಂದ ಕಾರ್ಬನ್-14 ಇರುತ್ತದೆ. ಪೆಟ್ರೋಲಿಯಂ ಮೂಲದ ಕಚ್ಚಾವಸ್ತುವಿನಲ್ಲಿ ಅದು ಉಳಿದಿರಲ್ಲ. ಅದರ ಅರ್ಧಾಯುಷ್ಯ ಸುಮಾರು 5,730 ವರ್ಷ. ಕೋಟಿಗಟ್ಟಲೆ ವರ್ಷ ನೆಲದಡಿ ಇದ್ದದ್ದರಲ್ಲಿ ಎಲ್ಲಿಂದ ಉಳಿಯಬೇಕು?

ಮಾತ್ರೆ ಕೌಂಟರ್
ನಾನು ಫಾರ್ಮಸಿಸ್ಟ್. ನೀವೆಲ್ಲ ಶೇಕಡಾ ಎಷ್ಟು ಅಂತ ಮಾತಾಡ್ತಿದ್ದೀರಿ. ಇರಬೇಕಾದ್ದು ಎರಡೂವರೆ ಇದ್ದರೂ ಐದು ಇದ್ದರೂ ನನಗೆ ಅಷ್ಟು ಭಯ ಇಲ್ಲ. ಇರಬಾರದ್ದು ಇದ್ದರೆ ಏನು ಗತಿ?

1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಗುಳಿಗೆಗೆ ಸ್ಟೆಫಾನಿಯಾ ಅನ್ನೋ ಚೀನೀ ಮೂಲಿಕೆ ಹಾಕಬೇಕಿತ್ತು. ಅದರ ಬದಲು ಅರಿಸ್ಟೊಲೋಕಿಯಾ ಸೇರಿಕೊಂಡಿತು. ಅದರಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಕಿಡ್ನಿಯನ್ನು ಹಾಳು ಮಾಡುತ್ತದೆ. ನೂರಕ್ಕೂ ಹೆಚ್ಚು ಜನರಿಗೆ ಕಿಡ್ನಿ ಕಾಯಿಲೆ ಬಂತು. ಮುಂದೆ ಅವರಲ್ಲಿ ಕೆಲವರಿಗೆ ಮೂತ್ರನಾಳದ ಕ್ಯಾನ್ಸರ್ ಕೂಡ ಬಂತು. 1997ರಲ್ಲಿ ಅಮೆರಿಕದಲ್ಲಿ ಪ್ಲಾಂಟೇನ್ (ಬಾಳೆಯಲ್ಲ, ಒಂದು ಮೂಲಿಕೆ) ಎಲೆ ಅಂತ ಬಂದದ್ದರಲ್ಲಿ ಡಿಜಿಟಾಲಿಸ್ ಅನ್ನೋ ವಿಷದ ಗಿಡ ಸೇರಿತ್ತು. ಹೃದಯದ ಬಡಿತ ಏರುಪೇರಾಗಿ ಆಸ್ಪತ್ರೆಗೆ ಸೇರಿದವರಿಂದ ಅದು ಗೊತ್ತಾಯಿತು. ಇದು ಗೊತ್ತಾಗಬೇಕಾಗಿದ್ದು ಲ್ಯಾಬಿನಲ್ಲಿ. ಗೊತ್ತಾಗಿದ್ದು ರೋಗಿಯ ದೇಹದಲ್ಲಿ. ಇದನ್ನು ನೆನೆಸಿಕೊಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಬೇಕಂತಲೇ ಬೆರೆಸುವುದು ಇನ್ನೊಂದು. "ಪೂರ್ತಿ ಹರ್ಬಲ್" ಅಂತ ಬರೆದ ತೂಕ ಇಳಿಸುವ ಮಾತ್ರೆಯಲ್ಲಿ ಸಿಬುಟ್ರಮಿನ್ ಅನ್ನೋ ಹಸಿವು ತಗ್ಗಿಸುವ ಔಷಧ, ಪುರುಷರ ಶಕ್ತಿಗೆ ಅಂತ ಮಾರುವುದರಲ್ಲಿ ಸಿಲ್ಡೆನಾಫಿಲ್ (ವಯಾಗ್ರದಲ್ಲಿರುವ ಔಷಧ) ಎಷ್ಟೋ ಸಲ ಸಿಕ್ಕಿವೆ. ಹೃದಯಕ್ಕೆ ಅಪಾಯ ಅಂತ ಸಿಬುಟ್ರಮಿನ್ ಅನ್ನು 2010ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ತೆಗೆಸಿದರು. ನೈಟ್ರೇಟ್ ಮಾತ್ರೆ ನುಂಗುವ ಹೃದ್ರೋಗಿ ಗೊತ್ತಿಲ್ಲದೆ ಸಿಲ್ಡೆನಾಫಿಲ್ ನುಂಗಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಬರಬಹುದು.

ಸಿ18
ಮೇಡಂ ಹೇಳಿದ್ದು ನೂರಕ್ಕೆ ನೂರು ಸರಿ. ಇದರಲ್ಲಿ ಲ್ಯಾಬಿನ ದೊಡ್ಡ ಕಷ್ಟ ಏನಂದರೆ, ಮೆಷಿನ್ ತಾನಾಗಿ ಎಲ್ಲವನ್ನೂ ಹುಡುಕಲ್ಲ. ಸಿಲ್ಡೆನಾಫಿಲ್ ಹುಡುಕು ಅಂತ ಹೇಳಿದರೆ ಅದನ್ನಷ್ಟೇ ಹುಡುಕುತ್ತದೆ. ಬೆರೆಸುವವರು ಅದರ ಅಣುವಿನಲ್ಲಿ ಒಂದು ಕೊಂಡಿ ಬದಲಿಸಿ ಹಾಕಿದರೆ ಪಟ್ಟಿಯಲ್ಲಿಲ್ಲದ ಪದಾರ್ಥ ಆಗಿಬಿಡುತ್ತದೆ. ರಿಪೋರ್ಟಿನಲ್ಲಿ "ಪತ್ತೆಯಾಗಿಲ್ಲ" ಅಂತ ಬರುತ್ತದೆ. ಅದಕ್ಕೆ ಹೈ ರೆಸಲ್ಯೂಷನ್ ಮಾಸ್ ಸ್ಪೆಕ್ಟ್ರೋಮೀಟರ್ ಬೇಕು. ಒಡೆದ ಚೂರುಗಳ ತೂಕ ನೋಡಿ, ಇದು ಅದೇ ಕುಟುಂಬದ್ದು ಅಂತ ಗುರುತು ಹಿಡಿಯಬಹುದು.

"ಪತ್ತೆಯಾಗಿಲ್ಲ" ಅಂತ ಇರುವ ಕಡೆಯೆಲ್ಲ, ಎಷ್ಟರವರೆಗೆ ಪತ್ತೆ ಹಚ್ಚಬಲ್ಲರು ಅನ್ನೋದನ್ನೂ ಕೇಳಿ. ಸೀಸಕ್ಕೆ ಇದು ಬಹಳ ಮುಖ್ಯ. ಅಮೆರಿಕದ ಫಾರ್ಮಕೋಪಿಯ (ಔಷಧಿಗಳ ಗುಣಮಟ್ಟ ನಿಗದಿ ಮಾಡುವ ಸಂಸ್ಥೆ, ಯುಎಸ್‌ಪಿ) ಸಪ್ಲಿಮೆಂಟ್‌ಗಳಲ್ಲಿ ಸೀಸಕ್ಕೆ ಇಟ್ಟಿರುವ ಮಿತಿ ದಿನಕ್ಕೆ 5 ಮೈಕ್ರೋಗ್ರಾಂ. 1 ಪಿಪಿಎಂಗಿಂತ (ಗ್ರಾಂಗೆ 1 ಮೈಕ್ರೋಗ್ರಾಂ) ಕಡಿಮೆ ಕಾಣದ ಮೆಷಿನ್‌ನಲ್ಲಿ ನೋಡಿ "ಇಲ್ಲ" ಅಂದರು ಅಂತಿಟ್ಟುಕೊಳ್ಳಿ. ದಿನಕ್ಕೆ 10 ಗ್ರಾಂ ಪುಡಿ ತಗೊಳ್ಳುವವರಿಗೆ ಹತ್ತಿರ ಹತ್ತಿರ 10 ಮೈಕ್ರೋಗ್ರಾಂ ಹೋಗುತ್ತಿರಬಹುದು. ಐಸಿಪಿ-ಎಂಎಸ್ ಅನ್ನೋ ಲೋಹ ಅಳೆಯುವ ಮೆಷಿನ್ ಇದಕ್ಕಿಂತ ಎಷ್ಟೋ ಪಾಲು ಕೆಳಗೆ ನೋಡುತ್ತದೆ.

ಕಳೆಯ ವಿಷಯವನ್ನೂ ಹೇಳಬೇಕು. ಮೂಲಿಕೆ ಜೊತೆ ಕುಯ್ದ ಕೆಲವು ಕಳೆಗಳಲ್ಲಿ ಪಿರೊಲಿಝಿಡಿನ್ ಆಲ್ಕಲಾಯ್ಡ್ ಇರುತ್ತದೆ. ಲಿವರ್‌ಗೆ ಕೆಟ್ಟದ್ದು. ಗಿಡ ಸರಿಯಾದದ್ದೇ ಇದ್ದರೂ ಇದು ಬರಬಹುದು. ಯುರೋಪಿಯನ್ ಒಕ್ಕೂಟ 2022ರಿಂದ ಮೂಲಿಕೆ ಸಪ್ಲಿಮೆಂಟ್‌ಗಳಿಗೆ ಕಿಲೋಗೆ 400 ಮೈಕ್ರೋಗ್ರಾಂ ಮಿತಿ ಹಾಕಿದೆ.

ಇಡೀಗಿಡ
ನನಗೆ ಈ ಚರ್ಚೆಯ ದಾರಿಯೇ ಒಪ್ಪಿಗೆ ಇಲ್ಲ. ಗಿಡದಲ್ಲಿ ನೂರಾರು ಪದಾರ್ಥ ಇರುತ್ತವೆ. ಅವುಗಳಲ್ಲಿ ಒಂದನ್ನೋ ಮೂರನ್ನೋ ಆರಿಸಿ, ಅದರ ಶೇಕಡಾ ಗಿಡದ ಗುಣ ಅಂತ ಹೇಳೋದು ಎಷ್ಟು ಸರಿ? ಈ ಶೇಕಡಾ ಹುಚ್ಚಿನಿಂದಲೇ ಕಲಬೆರಕೆ ಹುಟ್ಟಿದ್ದು.

ಸಿ18
ನಿಮ್ಮ ಮಾತಲ್ಲಿ ಅರ್ಧ ನಾನು ಪೂರ್ತಿ ಒಪ್ತೀನಿ. ನಾವು ಅಳೆಯುವುದನ್ನು ಮಾರ್ಕರ್ ಅಂತೀವಿ. ಅದು ಗುರುತಿಗೆ. ಅದರಿಂದಲೇ ಪರಿಣಾಮ ಆಗುತ್ತದೆ ಅಂತ ಲ್ಯಾಬ್ ಯಾವತ್ತೂ ಹೇಳಲ್ಲ, ಹೇಳಬಾರದು. ಸೇಂಟ್ ಜಾನ್ಸ್ ವರ್ಟ್ ಅನ್ನೋ ಮೂಲಿಕೆ ನೋಡಿ. ಬಹಳ ಕಾಲ 0.3% ಹೈಪೆರಿಸಿನ್ ಅಂತ ಅಳೆದು ಮಾರಿದರು. ಆಮೇಲೆ ಗಮನ ಹೈಪರ್‌ಫೋರಿನ್ ಕಡೆ ಹೋಯಿತು. ಬೇರೆ ಔಷಧಿಗಳನ್ನು ಲಿವರ್ ಬೇಗ ಒಡೆದುಹಾಕುವಂತೆ ಮಾಡೋದು ಮುಖ್ಯವಾಗಿ ಅದೇ. ಹೈಪೆರಿಸಿನ್ ಸಂಖ್ಯೆ ಸರಿ ಇದ್ದ ಎರಡು ಡಬ್ಬಿಗಳಲ್ಲಿ ಹೈಪರ್‌ಫೋರಿನ್ ಬೇರೆ ಬೇರೆ ಇರಬಹುದು.

ಆದರೆ ಅಳೆಯದೆ ಬಿಟ್ಟರೆ ಏನಾಗುತ್ತದೆ? ಮೇಲೆ ಮೇಡಂ ಹೇಳಿದ ಬೆಲ್ಜಿಯಂನಲ್ಲಿ ಆದದ್ದು ಆಗುತ್ತದೆ. ಇಡೀ ಗಿಡವನ್ನು ನಂಬುವವರಿಗೇ ಅದು ಅದೇ ಗಿಡ ಹೌದೋ ಅಲ್ಲವೋ ಅನ್ನೋ ಪರೀಕ್ಷೆ ಎಲ್ಲರಿಗಿಂತ ಜಾಸ್ತಿ ಬೇಕು.

ಇಡೀಗಿಡ
ಗುರುತಿನ ಪರೀಕ್ಷೆ ಬೇಕು ಅನ್ನೋದನ್ನು ಒಪ್ತೀನಿ. ಹಾಗಾದರೆ ಲೇಬಲ್ ಮೇಲೆ ಶೇಕಡಾ ದೊಡ್ಡಕ್ಷರದಲ್ಲಿ ಹಾಕೋದನ್ನು ನಿಲ್ಲಿಸಲಿ. ಜಾಸ್ತಿ ಇದ್ದರೆ ಒಳ್ಳೆಯದು ಅಂತ ಜನ ತಿಳಿಯುತ್ತಾರೆ.

ಮಾತ್ರೆ ಕೌಂಟರ್
ಇದನ್ನು ನಾನೂ ಅನುಮೋದಿಸ್ತೀನಿ. ಗ್ರೀನ್ ಟೀ ಸಾರದಲ್ಲಿರುವ ಇಜಿಸಿಜಿ ಅನ್ನೋ ಪದಾರ್ಥ ದಿನಕ್ಕೆ 800 ಮಿಲಿಗ್ರಾಂ ಮತ್ತು ಅದಕ್ಕಿಂತ ಹೆಚ್ಚಾದರೆ ಲಿವರ್ ಕಿಣ್ವಗಳು ಏರಿದ್ದು ಕಂಡಿದೆ ಅಂತ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲೇ ಹೇಳಿದೆ. ಜಾಸ್ತಿ ಅನ್ನೋದು ಒಳ್ಳೆಯದರ ಗುರುತಲ್ಲ.

ಎಂಎಸ್ಸಿ_ಎರಡನೇ_ವರ್ಷ
ಒಂದೇ ಸ್ಯಾಂಪಲ್, ಇಬ್ಬರದ್ದೂ ಎಚ್‌ಪಿಎಲ್‌ಸಿ, ಆದರೂ ಉತ್ತರ ಬೇರೆ ಬಂದರೆ? ಕಾಲಂ ಕೆಟ್ಟಿರುತ್ತದಾ?

ಸಿ18
ಕಾಲಂ ಅಪರೂಪಕ್ಕೆ. ಬಹುಪಾಲು ಸಲ ಎಡವಟ್ಟು ಮೆಷಿನ್‌ಗಿಂತ ಮುಂಚೆಯೇ ಆಗಿರುತ್ತದೆ. ಪುಡಿಯನ್ನು ಚೆನ್ನಾಗಿ ಕಲಸದೆ ಮೇಲಿಂದ ತೆಗೆದಿರುತ್ತಾರೆ. ಕ್ಯಾಪ್ಸೂಲ್ ಆದರೆ ಒಂದನ್ನೇ ಒಡೆದು ನೋಡಿರುತ್ತಾರೆ. ಕಡೇಪಕ್ಷ 20 ಕ್ಯಾಪ್ಸೂಲಿನ ಒಳಗಿನದ್ದನ್ನು ಒಟ್ಟಿಗೆ ಕಲಸಿ ಅದರಿಂದ ತೂಗಬೇಕು.

ಆಮೇಲೆ ಕರಗಿಸುವ ಹಂತ. ಮೆಥನಾಲ್ ಹಾಕಿ ಸೋನಿಕೇಟರ್ (ಶಬ್ದತರಂಗದಿಂದ ಅಲುಗಿಸುವ ಯಂತ್ರ) ಒಳಗೆ ಇಡ್ತೀವಿ. ಅರಿಶಿನದಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಮೊದಲ ಸಲದ ದ್ರಾವಣ ಸೋಸಿ ತೆಗೆದು, ತಳದ ಗಸಿಗೆ ಮತ್ತೆ ಹೊಸ ಮೆಥನಾಲ್ ಹಾಕಿ ನೋಡಿ. ಮತ್ತೆ ಹಳದಿ ಇಳಿಯಿತು ಅಂದರೆ ಮೊದಲ ಸಲ ಪೂರ್ತಿ ಬಂದಿರಲಿಲ್ಲ. ಬಣ್ಣ ಇಲ್ಲದ ಪದಾರ್ಥಕ್ಕೆ ಕಣ್ಣು ಸಾಲದು. ಅದಕ್ಕೆ ಗೊತ್ತಿರುವಷ್ಟು ಸ್ಟ್ಯಾಂಡರ್ಡನ್ನು ಪುಡಿಗೇ ಸೇರಿಸಿ, ಕೊನೆಗೆ ಎಷ್ಟು ವಾಪಸ್ ಸಿಕ್ಕಿತು ಅಂತ ನೋಡಬೇಕು. ಇದನ್ನು ರಿಕವರಿ ಅಂತೀವಿ. ಪುಡಿಗೆ ಸೇರಿಸಿದ ಸ್ಟ್ಯಾಂಡರ್ಡ್ ಬೇಗ ಕರಗುತ್ತದೆ, ಜೀವಕೋಶದ ಒಳಗಿರುವುದು ಅಷ್ಟು ಬೇಗ ಬರಲ್ಲ. ಹಾಗಾಗಿ ರಿಕವರಿ ಚೆನ್ನಾಗಿದ್ದರೂ ಗಸಿಯನ್ನು ಇನ್ನೊಂದು ಸಲ ಕರಗಿಸಿ ನೋಡೋದನ್ನು ಬಿಡಬೇಡಿ.

ಸ್ಟ್ಯಾಂಡರ್ಡಿನ ಶುದ್ಧತೆಯೂ ಅಷ್ಟೇ ಮುಖ್ಯ. ಬಾಟಲಿಯಲ್ಲಿರುವುದು ತೇವ ಎಲ್ಲ ಸೇರಿ 95% ಮಾತ್ರ ಶುದ್ಧ ಇದ್ದು, ನೀವು 100 ಅಂತ ಲೆಕ್ಕ ಹಾಕಿದರೆ, ನಿಮ್ಮ ಎಲ್ಲ ಸ್ಯಾಂಪಲ್‌ಗಳೂ ಸುಮಾರು 5% ಜಾಸ್ತಿ ತೋರಿಸುತ್ತವೆ. ಎಷ್ಟು ಸಲ ಮಾಡಿದರೂ ಅದೇ ಬರುತ್ತದೆ. ಹಾಗಾಗಿ ಸರಿ ಇದೆ ಅಂತ ಅನ್ನಿಸುತ್ತಲೇ ಇರುತ್ತದೆ.

ಬೆಳಕನ್ನೂ ನೋಡಿಕೊಳ್ಳಿ. ಹೈಪರ್‌ಫೋರಿನ್ ಬೆಳಕು, ಗಾಳಿಗೆ ಬೇಗ ಕೆಡುತ್ತದೆ. ಕಂದು ಬಣ್ಣದ ಗಾಜು, ಅದೇ ದಿನ ಇಂಜೆಕ್ಷನ್.

ಹಸಿರೆಲೆ
ನನ್ನಂಥವರು ಇದೆಲ್ಲ ಮಾಡಿಸೋಕೆ ಆಗಲ್ಲ. ಡಬ್ಬಿ ಕೊಳ್ಳುವಾಗ ಏನು ನೋಡಬೇಕು?

ಸಿ18
ಗಿಡದ ಸಸ್ಯಶಾಸ್ತ್ರೀಯ ಹೆಸರು, ಯಾವ ಭಾಗ, ಬ್ಯಾಚ್ ನಂಬರ್ ಇರಲಿ. ಆ ಬ್ಯಾಚಿನ ರಿಪೋರ್ಟ್ ಕೊಡಿ ಅಂತ ಕಂಪನಿಗೆ ಬರೆಯಿರಿ. ಬಂದ ರಿಪೋರ್ಟಿನಲ್ಲಿ ಅದೇ ಬ್ಯಾಚ್ ನಂಬರ್ ಇದೆಯಾ ನೋಡಿ. ಎಲ್ಲ ಸಾಲಿನಲ್ಲೂ "ಹೊಂದುತ್ತದೆ, ಹೊಂದುತ್ತದೆ" ಅಂತಷ್ಟೇ ಇದ್ದು ಸಂಖ್ಯೆಗಳು ಇಲ್ಲದಿದ್ದರೆ ನನಗೆ ಸಮಾಧಾನ ಆಗಲ್ಲ. ಲ್ಯಾಬಿಗೆ ಐಎಸ್‌ಒ 17025 (ಪರೀಕ್ಷಾ ಲ್ಯಾಬ್‌ಗಳ ಅಂತರರಾಷ್ಟ್ರೀಯ ಮಾನದಂಡ) ಮಾನ್ಯತೆ ಇದೆ ಅಂದರೆ ಒಳ್ಳೆಯದು, ಆದರೆ ಆ ಮಾನ್ಯತೆ ಇದೇ ಪರೀಕ್ಷೆಗೆ ಇದೆಯಾ ಅಂತ ಕೇಳಿ. ನೀರಿನ ಪರೀಕ್ಷೆಗೆ ಮಾತ್ರ ಮಾನ್ಯತೆ ಪಡೆದ ಲ್ಯಾಬ್ ವಿಥನೊಲೈಡ್ ಅಳೆದರೆ ಆ ಮುದ್ರೆ ಇದಕ್ಕೆ ಅನ್ವಯಿಸಲ್ಲ. ಯುಎಸ್‌ಪಿ, ಎನ್‌ಎಸ್‌ಎಫ್ ಥರದ ಹೊರಗಿನ ಸಂಸ್ಥೆಯ ಗುರುತು ಇದ್ದರೆ ಇನ್ನೂ ವಾಸಿ. ಅದರ ಅರ್ಥ ಡಬ್ಬಿಯಲ್ಲಿ ಹೇಳಿದ್ದೇ ಇದೆ ಅಂತ. ಕಾಯಿಲೆ ವಾಸಿಯಾಗುತ್ತದೆ ಅಂತ ಅಲ್ಲ.

ಬೇರುಪುಡಿ
ಎಲ್ಲರಿಗೂ ಧನ್ಯವಾದ. ಮಾರಿದವರಿಗೆ ಬರೆದು ಎಚ್‌ಪಿಎಲ್‌ಸಿ ಗ್ರಾಫ್ ತರಿಸಿದೆ. ಅವರದ್ದೇ ಎಚ್‌ಪಿಎಲ್‌ಸಿ ಲೆಕ್ಕದಲ್ಲಿ 2.6% ಇದೆ. ವಿಥಾಫೆರಿನ್ ಎ ಪೀಕ್ ಚಿಕ್ಕದಾಗಿಯೇ ಇದೆ. ಲೇಬಲ್ ಬದಲಾಯಿಸ್ತಿದ್ದೀನಿ, ವಿಧಾನವನ್ನೂ ಬರೆಸ್ತೀನಿ. ಗುರುತಿನ ಪರೀಕ್ಷೆಗೆ ಪ್ಲೇಟ್, ಸೀಸಕ್ಕೆ ಐಸಿಪಿ-ಎಂಎಸ್ ಹೇಳಿದ್ದೀನಿ. ಕೊನೇ ಪ್ರಶ್ನೆ: ಬ್ಯಾಚಿನ ಸ್ಯಾಂಪಲ್ ಎಷ್ಟು ಎತ್ತಿಡಬೇಕು, ಎಷ್ಟು ಕಾಲ?

ಸಿ18
2.4, 2.6 ಅಂದರೆ ಎರಡು ಲ್ಯಾಬ್ ಮಧ್ಯೆ ಅಷ್ಟು ವ್ಯತ್ಯಾಸ ಸಾಮಾನ್ಯ, ಚಿಂತೆ ಬೇಡ. ಲೇಬಲ್‌ಗೆ ಕಡಿಮೆ ಇರುವುದನ್ನೇ ತಗೊಳ್ಳಿ.

ಸ್ಯಾಂಪಲ್ ವಿಷಯಕ್ಕೆ ಸಪ್ಲಿಮೆಂಟ್ ತಯಾರಿಕೆಗೆ ಅಮೆರಿಕ ಮಾಡಿದ 2007ರ ನಿಯಮ ಒಳ್ಳೆಯ ಅಳತೆ. ಎಲ್ಲ ಪರೀಕ್ಷೆಗಳನ್ನೂ ಎರಡು ಸಲ ಮಾಡುವಷ್ಟು ಎತ್ತಿಡಿ. ಮಾರುವ ಡಬ್ಬಿ ಯಾವುದೋ ಅದೇ ಥರದ ಡಬ್ಬಿಯಲ್ಲಿ, ಅದೇ ಮುಚ್ಚಳದಲ್ಲಿ. ಅವಧಿ ಮುಗಿಯುವ ದಿನಾಂಕ ಆದ ಮೇಲೂ ಒಂದು ವರ್ಷ ಇರಲಿ. ಡಬ್ಬಿ ಮೇಲೆ ಬ್ಯಾಚ್ ನಂಬರ್ ಅಳಿಸದ ಶಾಯಿಯಲ್ಲಿ ಬರೆಯಿರಿ.

ಸಿಲಿಕಾ ಪ್ಲೇಟ್
ಪ್ಲೇಟಿನ ಫೋಟೋಗಳನ್ನೂ ಬ್ಯಾಚ್ ಪ್ರಕಾರ ಉಳಿಸಿಕೊಳ್ಳಿ ಬೇರುಪುಡಿ ಅವರೇ. ಮುಂದಿನ ಬ್ಯಾಚ್ ಬಂದಾಗ ಹಳೆಯ ಸ್ಯಾಂಪಲನ್ನೂ ಅದೇ ಪ್ಲೇಟಿನಲ್ಲಿ ಪಕ್ಕದಲ್ಲಿ ಓಡಿಸಿ.